ಪಕ್ಕದ ಬೆಡ್‌ನವರು ನಡೆದು ಮನೆಗೆ ಹೋದರು, ನಮ್ಮಪ್ಪ ಯಾಕೆ ಇನ್ನೂ ಏಳುತ್ತಿಲ್ಲ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ತಂದೆಗೆ 61 ವರ್ಷ. ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ ಇದೆ. 14 ವರ್ಷದಿಂದ ಶುಗರ್, ಎಂಟು ವರ್ಷದಿಂದ ಬಿಪಿ. ಐದು ವಾರದ ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆಯಿತು. ಸ್ಕ್ಯಾನ್‌ನಲ್ಲಿ ಎಡಗಡೆ ಒಳಭಾಗದಲ್ಲಿ 22 ಎಂಎಲ್ ರಕ್ತ ಇದೆ, ಆಪರೇಷನ್ ಬೇಡ ಅಂದರು. ಅಡ್ಮಿಟ್ ಮಾಡುವಾಗ ಬಿಪಿ 210/110, ಶುಗರ್ 312, ಎಚ್‌ಬಿಎ1ಸಿ 9.8 ಇತ್ತು. ಈಗ ಮನೆಗೆ ಬಂದಿದ್ದಾರೆ. ಮೂಗಿನ ಟ್ಯೂಬ್ ಹೋದ ವಾರ ತೆಗೆದರು. ಬಲಗೈ ಆಡುತ್ತಿಲ್ಲ, ಬಲಗಾಲು ಸ್ವಲ್ಪ ಎತ್ತುತ್ತಾರೆ, ಮಾತು ಒಂದೆರಡು ಪದ ಅಷ್ಟೇ. ಪಕ್ಕದ ಬೆಡ್‌ನಲ್ಲಿದ್ದವರಿಗೂ ಸುಮಾರು ಇಷ್ಟೇ ರಕ್ತ ಇತ್ತು, 20 ದಿನಕ್ಕೆ ನಡೆದುಕೊಂಡು ಹೋದರು. ಅವರಿಗೆ ಶುಗರ್ ಇರಲಿಲ್ಲ. ಹಾಗಾದರೆ ಅಪ್ಪನಿಗೆ ಶುಗರ್‌ನಿಂದಲೇ ಹೀಗಾಯಿತಾ? ಐಸಿಯುನಲ್ಲಿ ಶುಗರ್ 170 ಇದ್ದಾಗಲೂ ‘ಇರಲಿ ಬಿಡಿ’ ಅಂದರು. ಇನ್ನೂ ಇಳಿಸಬೇಕಿತ್ತು ಅಲ್ವಾ? ಈಗ 100ರ ಒಳಗೆ ಇಡೋಣ ಅಂತ ಅನ್ನ ಪೂರ್ತಿ ನಿಲ್ಲಿಸಿ ರಾಗಿ ಅಂಬಲಿ ಮಾತ್ರ ಕೊಡುತ್ತಿದ್ದೇವೆ. ಮೊದಲು ಆಸ್ಪಿರಿನ್ ತಗೊಳ್ತಿದ್ದರು, ಅದನ್ನು ಮತ್ತೆ ಶುರು ಮಾಡಿ ಅಂತ ದೊಡ್ಡಪ್ಪ ಹೇಳುತ್ತಿದ್ದಾರೆ. ಅಪ್ಪ ಮೊದಲಿನ ಹಾಗೆ ಆಗ್ತಾರಾ?

ಉತ್ತರ: ಮೊದಲು ಆ ಪಕ್ಕದ ಬೆಡ್‌ನ ವಿಷಯ ಮುಗಿಸೋಣ. ಯಾಕಂದರೆ ನಿಮ್ಮ ಅರ್ಧ ಸಂಕಟ ಅಲ್ಲಿಂದಲೇ ಬಂದಿದೆ.

22 ಎಂಎಲ್ ಅಂದರೆ ನಾಲ್ಕೈದು ಟೀ ಚಮಚ. ಸ್ಕ್ಯಾನ್‌ನಲ್ಲಿ ರಕ್ತದ ಗಡ್ಡೆಯ ಉದ್ದ, ಅಗಲ, ಎತ್ತರ ಗುಣಿಸಿ ಎರಡರಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. ಅಂದಾಜು ಲೆಕ್ಕ, ಆದರೆ ಕೆಲಸಕ್ಕೆ ಬರುತ್ತದೆ. 30 ಎಂಎಲ್ ದಾಟಿದರೆ ನಮಗೆ ಭಯ ಜಾಸ್ತಿ. ಆದರೆ ಚಮಚದ ಲೆಕ್ಕದಷ್ಟೇ ಮುಖ್ಯ, ಆ ರಕ್ತ ಎಲ್ಲಿ ಕೂತಿದೆ ಅನ್ನುವುದು. ನಿಮ್ಮ ತಂದೆಗೆ ಆಗಿರುವುದು ಎಡಗಡೆ, ಆಳದಲ್ಲಿ. ಬಲಗೈ, ಬಲಗಾಲು, ಮುಖದ ಬಲಭಾಗ ಎಲ್ಲಕ್ಕೂ ಹೋಗುವ ನರದ ತಂತುಗಳು ಅಲ್ಲಿ ಒಂದು ಇಕ್ಕಟ್ಟಾದ ಜಾಗದಲ್ಲಿ ಕಟ್ಟಿನ ಹಾಗೆ ಹಾದು ಹೋಗುತ್ತವೆ. ಅದೇ ನಾಲ್ಕು ಚಮಚ ರಕ್ತ ಮೆದುಳಿನ ಮುಂಭಾಗದಲ್ಲಿ, ಹೊರಪದರದ ಹತ್ತಿರ ಆಗಿದ್ದರೆ ಕೈಕಾಲಿಗೆ ಅಷ್ಟೇನೂ ಪೆಟ್ಟು ಬೀಳದೆ ಇರಬಹುದು. ಪಕ್ಕದವರಿಗೆ ಎಲ್ಲಿ ಆಗಿತ್ತು ಅಂತ ನಿಮಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎಂಎಲ್ ಒಂದನ್ನೇ ನೋಡಿ ಹೋಲಿಸಬೇಡಿ.

ಈಗ ಶುಗರ್. ರಕ್ತಸ್ರಾವಕ್ಕೆ ಅದೇ ಕಾರಣನಾ? ನೀವು ಬರೆದ ಸಂಖ್ಯೆಗಳಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು 312ರ ಕಡೆಗಲ್ಲ, 210/110ರ ಕಡೆಗೆ. ರಕ್ತ ಸೋರಿದ ಮೇಲೂ ಬಿಪಿ ಏರುತ್ತದೆ ನಿಜ, ಆದರೆ ಆಳದ ರಕ್ತಸ್ರಾವ ಬಹುತೇಕ ಬಿಪಿಯದ್ದೇ ಕೆಲಸ. ಆ ಜಾಗಕ್ಕೆ ರಕ್ತ ಕೊಡುವುದು ಕೂದಲಿನಂಥ ಸಣ್ಣ ರಕ್ತನಾಳಗಳು. ಅವು ದೊಡ್ಡ ನಾಳದಿಂದ ನೇರ ಕವಲೊಡೆದು ಬರುವುದರಿಂದ ಒತ್ತಡದ ಪೆಟ್ಟೆಲ್ಲ ಅವಕ್ಕೇ ಬೀಳುತ್ತದೆ. ವರ್ಷಗಟ್ಟಲೆ ಪೆಟ್ಟು ತಿಂದು ಗೋಡೆ ಸವೆದಿರುತ್ತದೆ, ಒಂದು ದಿನ ಬಿರಿಯುತ್ತದೆ. ಕಾಫಿ ಕೊಯ್ಲಿನ ಸಮಯದಲ್ಲಿ ಅಪ್ಪ ಬಿಪಿ ಮಾತ್ರೆ ಸರಿಯಾಗಿ ತಗೊಳ್ತಿದ್ದರಾ ಅಂತ ಮನೆಯಲ್ಲಿ ಒಂದ್ಸಲ ಕೇಳಿ ನೋಡಿ. ನನ್ನ ಹತ್ತಿರ ಬರುವ ಮಲೆನಾಡಿನ ಕಡೆಯವರಲ್ಲಿ ಈ ಕತೆ ಎಷ್ಟೋ ಸಲ ಕೇಳಿದ್ದೇನೆ. ಬೆಳಗ್ಗೆ ಆರಕ್ಕೆ ಆಳುಗಳ ಜೊತೆ ತೋಟಕ್ಕೆ ಇಳಿದರೆ ಮಾತ್ರೆ ಡಬ್ಬಿ ಮನೆಯಲ್ಲೇ ಉಳಿಯುತ್ತದೆ. ಶುಗರ್ ಮಾತ್ರೆ ಮರೆಯುವುದಿಲ್ಲ, ಅದಕ್ಕೆ ಹೆದರಿಕೆ ಇದೆ. ಬಿಪಿಗೆ ನೋವಿಲ್ಲ, ಹಾಗಾಗಿ ಹೆದರಿಕೆಯೂ ಇಲ್ಲ.

ಹಾಗಂತ ಶುಗರ್‌ಗೆ ಇದರಲ್ಲಿ ಪಾಲೇ ಇಲ್ಲ ಅಂತಲ್ಲ. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ದೊಡ್ಡ ಲೆಕ್ಕ ಬಂತು. 102 ಅಧ್ಯಯನಗಳ ಸುಮಾರು 7 ಲಕ್ಷ ಜನರ ದಾಖಲೆ ಸೇರಿಸಿ ನೋಡಿದ್ದರು. ಸಕ್ಕರೆ ಕಾಯಿಲೆ ಇದ್ದವರಿಗೆ ರಕ್ತನಾಳ ಕಟ್ಟಿಕೊಂಡು ಆಗುವ ಸ್ಟ್ರೋಕ್‌ನ ಅಪಾಯ ಇಲ್ಲದವರಿಗಿಂತ 2.27 ಪಟ್ಟು. ರಕ್ತ ಸೋರಿ ಆಗುವ ಸ್ಟ್ರೋಕ್‌ನದು 1.56 ಪಟ್ಟು. ಅಂದರೆ ಶುಗರ್ ನಾಳವನ್ನು ಒಡೆಯುವುದಕ್ಕಿಂತ ಕಟ್ಟುವುದರಲ್ಲೇ ನಿಪುಣ. ಒಡೆಯುವ ಕೆಲಸಕ್ಕೂ ಕೈ ಜೋಡಿಸುತ್ತದೆ, ಆದರೆ ಅಲ್ಲಿ ಯಜಮಾನ ಬಿಪಿ.

ಇವೆರಡೂ ಒಬ್ಬರಲ್ಲೇ ಇರುವುದು ನಮ್ಮಲ್ಲಿ ಎಷ್ಟು ಸಾಮಾನ್ಯ ಅಂದರೆ, ಬಿಡಿಸಿ ನೋಡುವುದೇ ಕಷ್ಟ. ಚೆನ್ನೈನ ಸಂಶೋಧಕರ ಮುಂದಾಳತ್ವದಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ದೇಶವಿಡೀ ಸುತ್ತಿ ಮಾಡಿದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. 1,13,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ್ದರು. ಭಾರತದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಸಕ್ಕರೆ ಕಾಯಿಲೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ಇದ್ದಾರೆ, ನೂರಕ್ಕೆ 35ಕ್ಕೂ ಹೆಚ್ಚು ವಯಸ್ಕರಿಗೆ ಬಿಪಿ ಅಂತ ಅಂದಾಜು ಮಾಡಿದರು. ಇಷ್ಟು ಜನರಲ್ಲಿ ಯಾರಿಗಾದರೂ ಮೆದುಳಿನ ರಕ್ತಸ್ರಾವ ಆದರೆ ಅವರ ಹಾಸಿಗೆ ಪಕ್ಕ ಶುಗರ್ ಚಾರ್ಟ್ ನೇತಾಡುತ್ತಿರುವ ಸಾಧ್ಯತೆಯೂ ಜಾಸ್ತಿಯೇ.

ಇನ್ನು ಆ 312. ಮೆದುಳಿಗೆ ಪೆಟ್ಟು ಬಿದ್ದಾಗ ಶರೀರ ಗಾಬರಿಯಾಗುತ್ತದೆ, ಅಡ್ರಿನಲಿನ್, ಕಾರ್ಟಿಸಾಲ್ ಏರುತ್ತವೆ, ಲಿವರ್ ತನ್ನಲ್ಲಿದ್ದ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಶುಗರ್ ಇಲ್ಲದವರಿಗೂ ಆ ದಿನ 180, 200 ಬರುವುದುಂಟು. ಹಾಗಾಗಿ ಆ ಒಂದು ಸಂಖ್ಯೆ ನೋಡಿ ಹೇಳುವುದು ಕಷ್ಟ. ಹಳೆಯ ಕತೆ ಹೇಳುವುದು ಎಚ್‌ಬಿಎ1ಸಿ. ಅದು ಸರಿಸುಮಾರು ಮೂರು ತಿಂಗಳ ಸರಾಸರಿ. 9.8 ಅಂದರೆ ರಕ್ತಸ್ರಾವಕ್ಕೆ ಮುಂಚೆಯೇ ತಿಂಗಳುಗಟ್ಟಲೆ ಶುಗರ್ ಹತೋಟಿಯಲ್ಲಿ ಇರಲಿಲ್ಲ. ನಿಮ್ಮ ತಂದೆಗೆ ಆ ದಿನ ಹಳೆಯ ಶುಗರ್ ಮತ್ತು ಗಾಬರಿ ಶುಗರ್ ಎರಡೂ ಸೇರಿದವು.

ರಕ್ತ ಸೋರುತ್ತಿರುವ ಹೊತ್ತಲ್ಲಿ ಶುಗರ್ ಜಾಸ್ತಿ ಇದ್ದರೆ ಏನಾಗುತ್ತದೆ? ಬಾಸ್ಟನ್‌ನ ಜಾಸ್ಲಿನ್ ಡಯಾಬಿಟಿಸ್ ಸೆಂಟರ್‌ನವರು ಇಲಿಗಳ ಮೇಲೆ ಮಾಡಿದ ಒಂದು ಸಂಶೋಧನೆ 2011ರಲ್ಲಿ ಬಂತು. ನನಗೆ ತುಂಬಾ ಇಷ್ಟವಾದ ಕೆಲಸ ಅದು. ಇಲಿಗಳ ಮೆದುಳಿಗೆ ಅವುಗಳದೇ ರಕ್ತವನ್ನು ಸೂಜಿಯಲ್ಲಿ ಬಿಟ್ಟರು. ಸಕ್ಕರೆ ಕಾಯಿಲೆಯ ಇಲಿಗಳಲ್ಲಿ ಆ ರಕ್ತದ ಗಡ್ಡೆ ಉಳಿದವುಗಳಿಗಿಂತ ಜಾಸ್ತಿ ಬೆಳೆಯಿತು. ಯಾಕೆ ಅಂತ ಹುಡುಕಿದರೆ ರಕ್ತದಲ್ಲೇ ಇರುವ ಕ್ಯಾಲಿಕ್ರೀನ್ ಎಂಬ ಪ್ರೋಟೀನ್ ಸಿಕ್ಕಿತು. ಗಾಯದ ಬಾಯಿಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಬಂದು ಅಂಟಿಕೊಳ್ಳಬೇಕಲ್ಲ, ಸಕ್ಕರೆ ಜಾಸ್ತಿ ಇರುವಲ್ಲಿ ಈ ಪ್ರೋಟೀನ್ ಅದಕ್ಕೆ ಅಡ್ಡ ಬರುತ್ತದೆ. ಅದನ್ನು ತಡೆದರೆ ಗಡ್ಡೆ ಅಷ್ಟು ಬೆಳೆಯಲಿಲ್ಲ. ಇಲಿ ಮನುಷ್ಯ ಅಲ್ಲ, ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಔಷಧಿಗಳ ಪಟ್ಟಿ ಉದ್ದ ಇದೆ. ಆದರೂ ಶುಗರ್ ಜಾಸ್ತಿ ಇರುವ ರೋಗಿಗಳಿಗೆ ಯಾಕೆ ಕೆಟ್ಟದಾಗುತ್ತದೆ ಅನ್ನುವುದಕ್ಕೆ ಇದೊಂದು ಸುಳಿವು. ಮನುಷ್ಯರಲ್ಲೂ, ಅಡ್ಮಿಟ್ ಆದ ದಿನ ಶುಗರ್ ಜಾಸ್ತಿ ಇದ್ದವರಲ್ಲಿ ಸಾವು ಮತ್ತು ಅಂಗವೈಕಲ್ಯ ಎರಡೂ ಜಾಸ್ತಿ ಅಂತ ಹಲವು ಅಧ್ಯಯನಗಳು ತೋರಿಸಿವೆ.

ಹಾಗಿದ್ದರೆ ಐಸಿಯುನಲ್ಲಿ 170ನ್ನು 100ಕ್ಕೆ ಇಳಿಸಬೇಕಿತ್ತಲ್ಲ ಅಂತ ನೀವು ಕೇಳುತ್ತೀರಿ. ನಾವೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆವು. 2009ರಲ್ಲಿ ನೈಸ್-ಶುಗರ್ ಅನ್ನುವ ಟ್ರಯಲ್‌ನ ಫಲಿತಾಂಶ ಬಂದು ಕಣ್ಣು ತೆರೆಸಿತು. ಐಸಿಯುನಲ್ಲಿದ್ದ 6,100 ರೋಗಿಗಳಲ್ಲಿ ಅರ್ಧ ಜನರಿಗೆ ಶುಗರ್ 81ರಿಂದ 108ರ ಒಳಗೆ ಬಿಗಿಯಾಗಿ ಇಟ್ಟರು, ಉಳಿದವರಿಗೆ 180ರ ಒಳಗೆ ಇದ್ದರೆ ಸಾಕು ಅಂದರು. ಮೂರು ತಿಂಗಳಲ್ಲಿ ಬಿಗಿ ಮಾಡಿದವರಲ್ಲಿ ಶೇ. 27.5 ಜನ ತೀರಿಕೊಂಡರು, ಸಡಿಲ ಬಿಟ್ಟವರಲ್ಲಿ ಶೇ. 24.9. ಶುಗರ್ ತೀರಾ ಕೆಳಗೆ ಕುಸಿದದ್ದು ಬಿಗಿ ಗುಂಪಿನಲ್ಲಿ ನೂರಕ್ಕೆ ಏಳು ಜನರಿಗೆ, ಸಡಿಲ ಗುಂಪಿನಲ್ಲಿ ಇನ್ನೂರಕ್ಕೆ ಒಬ್ಬರಿಗೆ. ಆಮೇಲೆ 2019ರಲ್ಲಿ ಅಮೆರಿಕದಲ್ಲಿ ಶೈನ್ ಎಂಬ ಟ್ರಯಲ್, ಅದು ರಕ್ತನಾಳ ಕಟ್ಟಿದ ಸ್ಟ್ರೋಕ್‌ನವರಲ್ಲಿ. ಅಲ್ಲೂ ಬಿಗಿ ಮಾಡಿದ್ದರಿಂದ ಲಾಭ ಸಿಗಲಿಲ್ಲ. ಮೆದುಳಿಗೆ ಸಕ್ಕರೆ ಬಿಟ್ಟರೆ ಬೇರೆ ಆಹಾರ ಅಷ್ಟಾಗಿ ಗೊತ್ತಿಲ್ಲ. ಪೆಟ್ಟು ತಿಂದ ಮೆದುಳಿಗೆ ಸಕ್ಕರೆ ಕಡಿಮೆಯಾದರೆ ಅದು ಎರಡನೇ ಪೆಟ್ಟು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದು 2023ರ ಇಂಟರಾಕ್ಟ್3 ಟ್ರಯಲ್. 10 ದೇಶಗಳ 121 ಆಸ್ಪತ್ರೆಗಳಲ್ಲಿ, ಮೆದುಳಿನ ರಕ್ತಸ್ರಾವವಾದ 7,000ಕ್ಕೂ ಹೆಚ್ಚು ಜನರಲ್ಲಿ ನಡೆಯಿತು. ಹೆಚ್ಚಿನವು ನಮ್ಮಂಥ ದೇಶಗಳು, ಭಾರತವೂ ಇತ್ತು. ಹೊಸ ಔಷಧಿ ಏನೂ ಇಲ್ಲ. ನಾಲ್ಕು ಕೆಲಸ ಒಟ್ಟಿಗೆ, ಬೇಗ ಮಾಡಿ ಅಷ್ಟೇ. ಮೇಲಿನ ಬಿಪಿ 140ರ ಕೆಳಗೆ ತನ್ನಿ. ಜ್ವರ ಬರಲು ಬಿಡಬೇಡಿ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುತ್ತಿದ್ದರೆ ಅದರ ಪರಿಣಾಮ ಇಳಿಸಿ. ನಾಲ್ಕನೆಯದು ಶುಗರ್: ಕಾಯಿಲೆ ಇಲ್ಲದವರಿಗೆ 110ರಿಂದ 140, ಸಕ್ಕರೆ ಕಾಯಿಲೆಯವರಿಗೆ 140ರಿಂದ 180. ಗಮನಿಸಿ, ಕಾಯಿಲೆ ಇದ್ದವರಿಗೆ ಗೆರೆ ಮೇಲೆ ಇದೆ. ವರ್ಷಗಟ್ಟಲೆ ಜಾಸ್ತಿ ಸಕ್ಕರೆಗೆ ಒಗ್ಗಿಹೋದ ಶರೀರವನ್ನು ದಿಢೀರ್ ಅಂತ ಕೆಳಗೆ ಎಳೆದರೆ ಅದು ತಡೆಯುವುದಿಲ್ಲ. ಹೀಗೆ ಮಾಡಿದ ಗುಂಪಿನಲ್ಲಿ ಆರು ತಿಂಗಳ ಹೊತ್ತಿಗೆ ಕೆಟ್ಟ ಸ್ಥಿತಿಯಲ್ಲಿ ಉಳಿಯುವ ಸಾಧ್ಯತೆ ಸುಮಾರು ಶೇ. 14ರಷ್ಟು ಕಡಿಮೆಯಾಯಿತು. ಅದರಲ್ಲಿ ಶುಗರ್‌ನ ಪಾಲು ಎಷ್ಟು, ಬಿಪಿಯ ಪಾಲು ಎಷ್ಟು ಅಂತ ಬೇರೆ ಮಾಡಲು ಬರುವುದಿಲ್ಲ. ಸಾರಿನಲ್ಲಿ ಹುಣಸೆಹಣ್ಣಿನ ಪಾಲೆಷ್ಟು ಅಂತ ಕೇಳಿದ ಹಾಗೆ. ಒಟ್ಟಿನಲ್ಲಿ ನಿಮ್ಮ ತಂದೆಯ 170 ನೋಡಿ ‘ಇರಲಿ ಬಿಡಿ’ ಅಂದ ಡಾಕ್ಟರ್ ಉದಾಸೀನ ಮಾಡಲಿಲ್ಲ. ಅವರು ಓದಿಕೊಂಡಿದ್ದಾರೆ.

ಇಲ್ಲೇ ಇನ್ನೊಂದು ಮಾತು. ಮೆದುಳು ಊದಿಕೊಂಡಿದೆ ಅಂದ ಕೂಡಲೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ಅಭ್ಯಾಸ ಕೆಲವು ಕಡೆ ಇನ್ನೂ ಹೋಗಿಲ್ಲ. ಥಾಯ್ಲೆಂಡ್‌ನ ವೈದ್ಯರು 1987ರಲ್ಲೇ ಇದನ್ನು ಪರೀಕ್ಷಿಸಿದ್ದರು. 93 ರೋಗಿಗಳು ಸೇರುವಷ್ಟರಲ್ಲೇ ಟ್ರಯಲ್ ನಿಲ್ಲಿಸಬೇಕಾಯಿತು. ಜೀವ ಉಳಿಸುವುದರಲ್ಲಿ ಲಾಭ ಇಲ್ಲ, ಸೋಂಕು ಮತ್ತು ಶುಗರ್‌ನ ತೊಂದರೆಗಳು ಮಾತ್ರ ಜಾಸ್ತಿ. ಡಿಸ್ಚಾರ್ಜ್ ಚೀಟಿಯಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇದ್ದು ಅದನ್ನು ಈಗಲೂ ಕೊಡುತ್ತಿದ್ದರೆ, ಯಾಕೆ ಅಂತ ನಿಮ್ಮ ಡಾಕ್ಟರನ್ನು ಕೇಳಿ. ನೀವೇ ದಿಢೀರ್ ನಿಲ್ಲಿಸಲು ಹೋಗಬೇಡಿ.

ಈಗ ಚೇತರಿಕೆ. ಶುಗರ್ ನಿಜವಾಗಿ ಲೆಕ್ಕ ಚುಕ್ತಾ ಮಾಡಿಸಿಕೊಳ್ಳುವುದು ಇಲ್ಲಿ.

ನಿಮ್ಮ ಊರಿನವರಿಗೆ ಇದನ್ನು ಹೇಳುವುದು ಸುಲಭ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು ಅಂತಿಟ್ಟುಕೊಳ್ಳಿ. ಮಂಗಳೂರಿಗೆ ಹೋಗುವವರು ಸುಮ್ನೆ ಕೂರುವುದಿಲ್ಲ. ಚಾರ್ಮಾಡಿ ಹಿಡಿಯುತ್ತಾರೆ, ಬಿಸಿಲೆ ಹಿಡಿಯುತ್ತಾರೆ, ಸಂಪಾಜೆ ಸುತ್ತಿ ಹೋಗುತ್ತಾರೆ. ಮೆದುಳು ಮಾಡುವುದೂ ಅದನ್ನೇ. ರಕ್ತ ಕೂತ ಜಾಗದ ನರತಂತು ಹಾಳಾದರೆ ಅಕ್ಕಪಕ್ಕದ ದಾರಿಗಳಲ್ಲಿ ಸಂದೇಶ ಕಳಿಸುವುದನ್ನು ನಿಧಾನಕ್ಕೆ ಕಲಿಯುತ್ತದೆ. ಫಿಸಿಯೋಥೆರಪಿ ಅಂದರೆ ಆ ಅಡ್ಡದಾರಿಗಳಲ್ಲಿ ದಿನಾ ಗಾಡಿ ಓಡಿಸಿ ದಾರಿ ರೂಢಿ ಮಾಡುವುದು. ಆದರೆ 14 ವರ್ಷದ ಶುಗರ್ ಮತ್ತು ಎಂಟು ವರ್ಷದ ಬಿಪಿ ಆ ಅಡ್ಡದಾರಿಗಳನ್ನೂ ಅಷ್ಟಿಷ್ಟು ಕಿತ್ತು ಹಾಕಿರುತ್ತವೆ. ಎಂಆರ್‌ಐ ಮಾಡಿದರೆ ಮೆದುಳಿನ ಒಳಗಿನ ಬಿಳಿ ಭಾಗದಲ್ಲಿ ಮೋಡದಂಥ ಮಚ್ಚೆಗಳು ಕಾಣುತ್ತವೆ. ಅವು ಸಣ್ಣ ರಕ್ತನಾಳಗಳು ಸೊರಗಿದ ಗುರುತು. ಹೀಗಾಗಿ ಅದೇ ಕಸರತ್ತು ಮಾಡಿದರೂ ಶುಗರ್ ಇರುವವರಿಗೆ ದಾರಿ ತೆರೆಯುವುದು ತಡ.

ಇದು ಬರೀ ಊಹೆ ಅಲ್ಲ. 2022ರಲ್ಲಿ ಅಮೆರಿಕದ ಸಂಶೋಧಕರು ಎರಡು ಹಿಂದಿನ ಟ್ರಯಲ್‌ಗಳ ದಾಖಲೆ ಒಟ್ಟು ಮಾಡಿ ನೋಡಿದರು. ಮೆದುಳಿನ ರಕ್ತಸ್ರಾವವಾಗಿ ಒಂದು ತಿಂಗಳ ನಂತರವೂ ಒಬ್ಬರ ಸಹಾಯ ಇಲ್ಲದೆ ನಡೆಯಲಾಗದ, ಎಷ್ಟೋ ಜನ ಹಾಸಿಗೆಯಲ್ಲೇ ಇದ್ದ 700ಕ್ಕೂ ಹೆಚ್ಚು ಜನ ಅವರು. ಅಂದರೆ ಇವತ್ತು ನಿಮ್ಮ ತಂದೆ ಇರುವಂಥ ಸ್ಥಿತಿ. ಒಂದು ವರ್ಷದ ಹೊತ್ತಿಗೆ ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಇನ್ನೊಬ್ಬರನ್ನು ಹಿಡಿದುಕೊಳ್ಳದೆ ನಡೆಯುವ ಮಟ್ಟಕ್ಕೆ ಬಂದಿದ್ದರು. ಈ ವಾಕ್ಯವನ್ನು ಇನ್ನೊಂದ್ಸಲ ಓದಿ, ಮನೆಯವರಿಗೂ ಓದಿ ಹೇಳಿ. ಅದೇ ಅಧ್ಯಯನದಲ್ಲಿ ಚೇತರಿಕೆಗೆ ಅಡ್ಡ ಬಂದ ಅಂಶಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇತ್ತು. ನಾನು ಹೇಳಿದ ಆ ಬಿಳಿ ಭಾಗದ ಮಚ್ಚೆಗಳೂ ಇದ್ದವು. ಹೊಟ್ಟೆಗೆ ತೂತು ಮಾಡಿ ಊಟದ ಟ್ಯೂಬ್ ಹಾಕಿಸಿಕೊಳ್ಳಬೇಕಾಗಿ ಬಂದದ್ದು ಇನ್ನೊಂದು. ನಿಮ್ಮ ತಂದೆಗೆ ಮೂಗಿನ ಟ್ಯೂಬ್ ಐದು ವಾರದೊಳಗೆ ತೆಗೆದಿದ್ದಾರೆ, ಅದು ಒಳ್ಳೆಯ ಸೂಚನೆ.

ಒಂದು ವಿಷಯ ನೆನಪಿಡಿ. ರಕ್ತಸ್ರಾವದಲ್ಲಿ ಮೊದಲ ವಾರಗಳು ನಿಧಾನ. ಸೋರಿದ ರಕ್ತ ಕೊಳೆತು, ಕೆಂಪು ಕಣಗಳು ಒಡೆದು, ಅದರ ಕಬ್ಬಿಣದ ಅಂಶ ಸುತ್ತಲಿನ ಜೀವಕೋಶಗಳನ್ನು ಕೆರಳಿಸುತ್ತದೆ. ಊತ ಎರಡು ವಾರದವರೆಗೂ ಬೆಳೆಯಬಹುದು. ಶರೀರ ಅದನ್ನೆಲ್ಲ ಗುಡಿಸಿ ತೆಗೆಯುವವರೆಗೆ ಒಳಗಿನ ಚೆನ್ನಾಗಿರುವ ಭಾಗವೂ ಮಂಕಾಗಿರುತ್ತದೆ. ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಚುರುಕು, ಆಮೇಲೆ ಆರು ತಿಂಗಳು, ವರ್ಷದವರೆಗೂ ನಡೆಯುತ್ತಲೇ ಇರುತ್ತದೆ. ಐದು ವಾರಕ್ಕೆ ಕಾಲು ಎತ್ತುತ್ತಿದ್ದಾರೆ ಅಂದರೆ ಆಟ ಇನ್ನೂ ಶುರುವಿನಲ್ಲಿದೆ.

ಮನೆಯ ವಿಷಯಕ್ಕೆ ಬರೋಣ. ಶುಗರ್ 100ರ ಒಳಗೆ ಇಡುವ ಹಠ ಇವತ್ತೇ ಬಿಡಿ.

ಕೆಲವು ವರ್ಷಗಳ ಹಿಂದೆ ರಾತ್ರಿ ಹನ್ನೊಂದರ ಹೊತ್ತಿಗೆ ಒಬ್ಬ ಅಜ್ಜಿಯನ್ನು ಮೊಮ್ಮಗ ಕಾರಿನಲ್ಲಿ ಹಾಕಿಕೊಂಡು ಬಂದ. ಎರಡು ತಿಂಗಳ ಹಿಂದೆ ಲಕ್ವ ಹೊಡೆದಿತ್ತು, ಮಾತು ಹೋಗಿತ್ತು. ಈಗ ಎರಡನೇ ಸಲ ಹೊಡೆದಿದೆ ಅಂತ ಗಾಬರಿ. ಕರೆದರೆ ಕಣ್ಣು ಬಿಡುತ್ತಿಲ್ಲ, ಬಲಹೀನ ಕೈ ಇನ್ನಷ್ಟು ಜೋತುಬಿದ್ದಿದೆ. ರವಿಕೆಯ ಕತ್ತು ಮತ್ತು ಬೆನ್ನು ಪೂರ್ತಿ ಬೆವರಿನಲ್ಲಿ ನೆಂದಿತ್ತು. ಬೆರಳು ಚುಚ್ಚಿದರೆ 38. ಗ್ಲೂಕೋಸ್ ಏರಿಸಿದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಮೊಮ್ಮಗನ ಕೈ ಹಿಡಿದುಕೊಂಡರು. ಆ ದಿನ ಸಂಜೆ ಊಟ ಸೇರದೆ ಎರಡು ತುತ್ತು ಮಾತ್ರ ತಿಂದಿದ್ದರಂತೆ. ಆದರೆ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಪೂರ್ತಿ ಡೋಸ್ ಹೋಗಿತ್ತು.

ನಿಮಗೂ ಇದೇ ಅಪಾಯ. ಶುಗರ್ ಇಳಿದರೆ ಮಾತಾಡುವವರು ‘ಕೈ ನಡುಗುತ್ತಿದೆ, ಹಸಿವು’ ಅನ್ನುತ್ತಾರೆ. ನಿಮ್ಮ ತಂದೆಗೆ ಹೇಳಲು ಆಗುವುದಿಲ್ಲ. ನೀವೇ ನೋಡಬೇಕು: ಕಾರಣ ಇಲ್ಲದೆ ಬೆವರು, ಇದ್ದಕ್ಕಿದ್ದಂತೆ ಮಂಕು, ಸಿಡುಕು, ಬಲಹೀನತೆ ಜಾಸ್ತಿಯಾದ ಹಾಗೆ ಕಾಣುವುದು. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ಇದ್ದರೆ ನಡುಕ ಕಾಣದೆ ಇರಬಹುದು, ಬೆವರು ಮಾತ್ರ ಬರುತ್ತದೆ. ಹಾಗಾದಾಗ ಮೊದಲು ಬೆರಳು ಚುಚ್ಚಿ. 70ರ ಕೆಳಗಿದ್ದು, ಪೂರ್ತಿ ಎಚ್ಚರ ಇದ್ದು, ಚೆನ್ನಾಗಿ ನುಂಗುತ್ತಿದ್ದರೆ ಸಕ್ಕರೆ ಕೊಡಿ. ಮಂಕಾಗಿದ್ದರೆ ಬಾಯಿಗೆ ಸಕ್ಕರೆ ನೀರು ಸುರಿಯಲೇಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಸೀದಾ ಹತ್ತಿರದ ಆಸ್ಪತ್ರೆಗೆ ಹೋಗಿ. ಶುಗರ್ ಸರಿ ಇದ್ದೂ ಮಂಕಾಗಿದ್ದರೆ, ವಾಂತಿ, ಜೋರು ತಲೆನೋವು ಬಂದರೆ ಅದೂ ಆಸ್ಪತ್ರೆಯ ಕೇಸೇ.

ಇನ್ನೊಂದು ಸಣ್ಣ ವಿಷಯ. ಬಾಳೆಹಣ್ಣು ಸುಲಿದ ಕೈಯಲ್ಲಿ ಬೆರಳು ಚುಚ್ಚಿದರೆ ಮೀಟರ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದವರಿದ್ದಾರೆ. ಸೋಪು ಹಾಕಿ ಕೈ ತೊಳೆದು, ಒರೆಸಿ ಚುಚ್ಚಿ.

ಸದ್ಯಕ್ಕೆ ಊಟಕ್ಕೆ ಮುಂಚೆ 100ರಿಂದ 150, ಊಟವಾಗಿ ಎರಡು ಗಂಟೆಗೆ 180–200ರ ಒಳಗೆ ಇದ್ದರೆ ನಾನಾದರೆ ಸಮಾಧಾನದಿಂದ ಇರುತ್ತೇನೆ. ಎಚ್‌ಬಿಎ1ಸಿ 9.8ರಿಂದ ತಿಂಗಳುಗಳ ಮೇಲೆ ನಿಧಾನಕ್ಕೆ 7–8ರ ಕಡೆಗೆ ಇಳಿಯಲಿ. ಕಿಡ್ನಿ ಹೇಗಿದೆ, ಯಾವ ಮಾತ್ರೆ ಇದೆ ನೋಡಿ ನಿಮ್ಮ ಡಾಕ್ಟರ್ ಇದನ್ನು ಆಚೀಚೆ ಮಾಡಬಹುದು. ಕಣ್ಣಿನ ಪರೀಕ್ಷೆಯೂ ಮಾಡಿಸಿ. 14 ವರ್ಷದ ಶುಗರ್‌ನಲ್ಲಿ ಕಣ್ಣಿನ ಹಿಂಪರದೆ ಕೆಟ್ಟಿದ್ದರೆ, ಶುಗರನ್ನು ದಿಢೀರ್ ಇಳಿಸಿದಾಗ ಅದೂ ಸ್ವಲ್ಪ ಕೆರಳುವುದುಂಟು.

ರಾಗಿ ಅಂಬಲಿ ವಿಷಯದಲ್ಲಿ ನಿಮ್ಮನ್ನು ನಿರಾಸೆ ಮಾಡಬೇಕಾಗಿದೆ. ರಾಗಿ ಒಳ್ಳೆಯ ಧಾನ್ಯ, ಸುಣ್ಣದ ಅಂಶ ಇದೆ, ನಾರು ಇದೆ. ಆದರೆ ಅದರಲ್ಲೂ ನೂರು ಗ್ರಾಂಗೆ ಸುಮಾರು ಎಪ್ಪತ್ತು ಗ್ರಾಂ ಪಿಷ್ಟವೇ. ನುಣ್ಣಗೆ ಬೀಸಿ ನೀರು ನೀರಾಗಿ ಕುದಿಸಿದ ಅಂಬಲಿ ಸರ್ರನೆ ಹೊಟ್ಟೆ ದಾಟಿ ಶುಗರ್ ಏರಿಸುತ್ತದೆ. ಗಟ್ಟಿ ಮುದ್ದೆ ಅದಕ್ಕಿಂತ ವಾಸಿ, ಆದರೆ ನುಂಗುವುದು ಪೂರ್ತಿ ಸರಿಯಾಗುವವರೆಗೆ ಮುದ್ದೆ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತಪ್ಪು, ಬರೀ ಅಂಬಲಿಯಲ್ಲಿ ಬೇಕಾದಷ್ಟು ಪ್ರೋಟೀನ್ ಇಲ್ಲ. ಐದು ವಾರ ಮಲಗಿದವರ ತೊಡೆ ನೋಡಿ, ಎಷ್ಟು ಸೊರಗಿದೆ ಅಂತ. ಮಾಂಸಖಂಡವೇ ಇಲ್ಲದಿದ್ದರೆ ಮೆದುಳು ದಾರಿ ಕಂಡುಕೊಂಡು ಮಾಡುವುದೇನು? ಚೆನ್ನಾಗಿ ಬೆಂದ ಬೇಳೆ, ಮೊಟ್ಟೆ, ಮೊಸರು, ತಿನ್ನುವವರಾದರೆ ಮುಳ್ಳು ತೆಗೆದ ಮೀನು, ಇವೆಲ್ಲ ದಿನಾ ಇರಲಿ. ಮೆತ್ತಗೆ ಕಲಸಿದ ಅನ್ನವನ್ನೂ ಅಳತೆಯಲ್ಲಿ ಕೊಡಬಹುದು. ಒಂದೇ ಸಲ ಜಾಸ್ತಿ ಕೊಡುವ ಬದಲು ಸ್ವಲ್ಪ ಸ್ವಲ್ಪ, ಹೊತ್ತು ಹೊತ್ತಿಗೆ. ಕೂರಿಸಿಯೇ ಉಣ್ಣಿಸಿ, ಉಂಡ ಮೇಲೂ ಅರ್ಧ ಗಂಟೆ ಕೂತಿರಲಿ.

ಬಲ ಭುಜದ ಬಗ್ಗೆ ನೀವು ಏನೂ ಬರೆದಿಲ್ಲ, ಆದರೆ ನಾನು ಕೇಳಲೇಬೇಕು. ಹಾಸಿಗೆಯಿಂದ ಎಬ್ಬಿಸುವಾಗ ಬಲಗೈ ಹಿಡಿದು ಎಳೆಯುತ್ತಿದ್ದೀರಾ? ಎಳೆಯಬೇಡಿ. ಬಲ ಇಲ್ಲದ ಭುಜದ ಕೀಲು ಮೊದಲೇ ಸಡಿಲ. ಅದರ ಮೇಲೆ ಸಕ್ಕರೆ ಕಾಯಿಲೆಯವರಿಗೆ ಭುಜ ಹೆಪ್ಪುಗಟ್ಟುವುದು ಉಳಿದವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಒಮ್ಮೆ ಭುಜ ನೋಯಲು ಶುರುವಾದರೆ ಫಿಸಿಯೋಥೆರಪಿಯವರಿಗೆ ಅಪ್ಪ ಕೈ ಮುಟ್ಟಲೂ ಬಿಡುವುದಿಲ್ಲ, ಅಲ್ಲಿಗೆ ಕೈಯ ಕಸರತ್ತು ನಿಂತೇ ಹೋಗುತ್ತದೆ. ಬೆನ್ನ ಹಿಂದೆ, ಸೊಂಟಕ್ಕೆ ಕೈ ಕೊಟ್ಟು ಎಬ್ಬಿಸಿ. ಕೂತಾಗ ಬಲಗೈ ಕೆಳಗೆ ದಿಂಬು ಇರಲಿ, ಜೋತಾಡಬಾರದು.

ಹಾಗೇ ಪಾದ. ಎಣ್ಣೆ ಹಚ್ಚಿ ಮೃದುವಾಗಿ ಸವರಿದರೆ ತೊಂದರೆ ಇಲ್ಲ, ನರಕ್ಕೆ ಅದರಿಂದ ಲಾಭವೂ ಇಲ್ಲ. ಆದರೆ ಬಿಸಿನೀರಿನ ಚೀಲ, ಬಿಸಿ ಮರಳಿನ ಶಾಖ ಬೇಡವೇ ಬೇಡ. ಒಂದು ಕಡೆ ಲಕ್ವ, ಇನ್ನೊಂದು ಕಡೆ ಶುಗರ್‌ನಿಂದ ಪಾದದ ನರಗಳೇ ಸತ್ತಿರುತ್ತವೆ. ಸುಟ್ಟರೂ ಗೊತ್ತಾಗುವುದಿಲ್ಲ, ಗೊತ್ತಾದರೂ ಹೇಳಲು ಮಾತಿಲ್ಲ. ಆ ಬೊಬ್ಬೆ ಹುಣ್ಣಾದರೆ ನಡಿಗೆ ಎರಡು ತಿಂಗಳು ಹಿಂದಕ್ಕೆ. ದಿನಾ ರಾತ್ರಿ ಎರಡೂ ಪಾದ, ಹಿಮ್ಮಡಿ, ಬೆರಳ ಸಂದು, ಬೆನ್ನಿನ ಕೆಳಭಾಗ ಟಾರ್ಚ್ ಹಾಕಿ ನೋಡಿ.

ದೊಡ್ಡಪ್ಪನವರ ಆಸ್ಪಿರಿನ್ ಮಾತು. ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ನೀವೇ ಶುರು ಮಾಡಬೇಡಿ. ಮೊದಲು ಯಾಕೆ ಕೊಡುತ್ತಿದ್ದರು ಅನ್ನುವುದು ಮುಖ್ಯ. ಹೃದಯಾಘಾತ ಆಗಿತ್ತಾ, ಸ್ಟೆಂಟ್ ಹಾಕಿದ್ದಾರಾ? ಹಾಗಿದ್ದರೆ ಮತ್ತೆ ಶುರು ಮಾಡುವ ಬಗ್ಗೆ ಯೋಚಿಸಬಹುದು. ಬ್ರಿಟನ್‌ನಲ್ಲಿ ನಡೆದ ರೀಸ್ಟಾರ್ಟ್ ಟ್ರಯಲ್ 2019ರಲ್ಲಿ ಇದನ್ನೇ ನೋಡಿತು. ರಕ್ತಸ್ರಾವದ ನಂತರ ಇಂಥ ಮಾತ್ರೆ ಮತ್ತೆ ಶುರು ಮಾಡಿದ 268 ಜನರಲ್ಲಿ 12 ಮಂದಿಗೆ, ಮಾಡದ 268 ಜನರಲ್ಲಿ 23 ಮಂದಿಗೆ ಮತ್ತೆ ರಕ್ತಸ್ರಾವ ಆಯಿತು. ಹೆದರಿದಷ್ಟು ಕೆಟ್ಟದಾಗಲಿಲ್ಲ. ಆದರೆ ‘ಶುಗರ್ ಇದೆ, ಇರಲಿ ಒಂದು ಆಸ್ಪಿರಿನ್’ ಅಂತ ಸುಮ್ನೆ ಕೊಡುತ್ತಿದ್ದರೆ ಲೆಕ್ಕ ಬೇರೆ. 2018ರ ಅಸೆಂಡ್ ಟ್ರಯಲ್‌ನಲ್ಲಿ 15,480 ಸಕ್ಕರೆ ಕಾಯಿಲೆಯವರನ್ನು ವರ್ಷಗಟ್ಟಲೆ ನೋಡಿದರು. ಹೃದಯಾಘಾತ, ಸ್ಟ್ರೋಕ್ ಶೇ. 12ರಷ್ಟು ಕಡಿಮೆಯಾದವು, ದೊಡ್ಡ ರಕ್ತಸ್ರಾವಗಳು ಶೇ. 29ರಷ್ಟು ಜಾಸ್ತಿಯಾದವು. ಒಮ್ಮೆ ಮೆದುಳಲ್ಲಿ ರಕ್ತ ಸೋರಿದವರಿಗೆ ಅಂಥ ವ್ಯಾಪಾರ ನಾನು ಮಾಡುವುದಿಲ್ಲ.

ಮುಂದೆ ಇನ್ನೊಂದು ರಕ್ತಸ್ರಾವ ತಡೆಯುವ ಮಾತ್ರೆ ಯಾವುದು ಅಂದರೆ ಬಿಪಿ ಮಾತ್ರೆಯೇ. 2001ರ ಪ್ರೋಗ್ರೆಸ್ ಟ್ರಯಲ್‌ನಲ್ಲಿ, ಮೊದಲೇ ಸ್ಟ್ರೋಕ್ ಆಗಿದ್ದ 6,105 ಜನರಲ್ಲಿ ಬಿಪಿ ಇಳಿಸಿದಾಗ ಮೆದುಳಿನ ರಕ್ತಸ್ರಾವ ಅರ್ಧಕ್ಕರ್ಧ ಕಡಿಮೆಯಾಯಿತು. ಗುರಿ 130/80ರ ಆಸುಪಾಸು. ಮೀಟರ್‌ನಲ್ಲಿ 126 ಬಂತು, ನಾರ್ಮಲ್ ಆಯಿತು ಅಂತ ಮಾತ್ರೆ ನಿಲ್ಲಿಸುವುದು ನಮ್ಮ ಕಡೆ ಮಾಮೂಲಿ. ಆ 126 ಬಂದಿದ್ದೇ ಮಾತ್ರೆಯಿಂದ.

ಫಿಸಿಯೋಥೆರಪಿ ಬಗ್ಗೆ. ‘ಒಂದೆರಡು ದಿನ ತೋರಿಸಿಕೊಟ್ಟರೆ ನಾವೇ ಮಾಡಿಸ್ತೀವಿ’ ಅಂತ ಮನೆಯವರು ಹೇಳುತ್ತಾರೆ. ನಮ್ಮ ದೇಶದಲ್ಲೇ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಅಟೆಂಡ್ ಟ್ರಯಲ್, ಫಲಿತಾಂಶ ಬಂದದ್ದು 2017ರಲ್ಲಿ. ಮನೆಯವರಿಗೆ ತರಬೇತಿ ಕೊಟ್ಟ ಗುಂಪು, ಮಾಮೂಲಿ ಆರೈಕೆಯ ಗುಂಪು ಎರಡರಲ್ಲೂ ಆರು ತಿಂಗಳಿಗೆ ತೀರಿಕೊಂಡವರು ಅಥವಾ ಪರಾವಲಂಬಿಯಾಗಿ ಉಳಿದವರು ಶೇ. 47. ನಯಾಪೈಸೆ ವ್ಯತ್ಯಾಸ ಇಲ್ಲ. ನಿಮ್ಮ ಶ್ರಮ ವ್ಯರ್ಥ ಅಂತ ಇದರ ಅರ್ಥ ಅಲ್ಲ. ಮನೆಯವರ ಕೈ ಬೇಕೇ ಬೇಕು, ಆದರೆ ಕಲಿತವರ ಕಣ್ಣಿಗೆ ಅದು ಬದಲಿ ಅಲ್ಲ. ವಾರಕ್ಕೆ ಎರಡು ಸಲವಾದರೂ ಫಿಸಿಯೋಥೆರಪಿಸ್ಟ್ ನೋಡುವ ಏರ್ಪಾಡು ಮಾಡಿ, ಸಾಧ್ಯವಾದರೆ ಮಾತಿನ ತರಬೇತಿಯವರನ್ನೂ ಕೇಳಿ. ಅಪ್ಪ ಕಸರತ್ತು ಬೇಡ ಅಂತ ಮುಖ ತಿರುಗಿಸಿಕೊಳ್ಳುತ್ತಿದ್ದರೆ ಸೋಮಾರಿತನ ಅಂದುಕೊಳ್ಳಬೇಡಿ. ಸ್ಟ್ರೋಕ್ ಆದ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಔಷಧಿ ಇದೆ.

ಕೊನೆಯ ಪ್ರಶ್ನೆ, ಮೊದಲಿನ ಹಾಗೆ ಆಗ್ತಾರಾ ಅಂತ. ಪೂರ್ತಿ ಮೊದಲಿನ ಹಾಗೆ ಆಗುವ ಸಾಧ್ಯತೆ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಕೋಲು ಹಿಡಿದು ಅಂಗಳಕ್ಕೆ, ಆಮೇಲೆ ತೋಟದ ಸಪಾಟು ಜಾಗದವರೆಗೆ ಹೋಗುವುದು ಆಗುವಂಥ ಆಸೆ. ಕಾಲು ಮೊದಲು ಬರುತ್ತದೆ, ಕೈ ತಡವಾಗಿ, ಬೆರಳುಗಳು ಎಲ್ಲಕ್ಕಿಂತ ಕೊನೆಗೆ. ಮಾತು ಆರು ತಿಂಗಳ ನಂತರವೂ ಸುಧಾರಿಸುವುದನ್ನು ನೋಡಿದ್ದೇನೆ. ಒಂದು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ಬರೆಯುವಾಗ ದಿನಕ್ಕೆ ಎರಡು ಸಲದ ಬಿಪಿ, ಶುಗರ್ ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿದ್ದು, ಈಗ ಕೊಡುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಮತ್ತು ಆಸ್ಪಿರಿನ್ ಮೊದಲು ಯಾರು, ಯಾಕೆ ಬರೆದುಕೊಟ್ಟಿದ್ದರು ಅನ್ನುವುದು ಇರಲಿ. ಪಕ್ಕದ ಬೆಡ್‌ನವರ ಸುದ್ದಿ ಬೇಡ.